ಆರಿಸಿ ಕೊಟ್ಟ ಸ್ಯಾಂಪಲ್ಲು

ನಮ್ಮ ಬೀದಿಯ ಹುಡುಗಿಯೊಬ್ಬಳಿಗೆ ಮೊನ್ನೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿತು. ಸಿಹಿ ಕೊಡಲು ಬಂದವಳು, "ಆಂಟಿ, ಕೆಲಸ ಹೆಂಗಿರುತ್ತೆ?" ಅಂತ ಕೇಳಿದಳು. ನಾನು ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಗಳಲ್ಲೇ ಸರ್ವೀಸು ಸವೆಸಿದವಳು, ನಡುವೆ ಸ್ವಲ್ಪ ಕಾಲ ಕನಕಪುರದ ಕಡೆ ಇದ್ದೆ. ಹೇಳಲು ಬೇಕಾದಷ್ಟು ಇತ್ತು. ಆದರೆ ಬಾಯಿಗೆ ಬಂದದ್ದು ಒಂದೇ ಮಾತು: "ಹೊರೋ ಕೆಲಸ ಕಣಮ್ಮ." ಅವಳು ಪೇಡೆ ಕೊಟ್ಟು ಹೊರಟುಹೋದಳು. ಅರ್ಧ ಹೇಳಿ ಹೆದರಿಸಿದೆನೇನೋ ಅನ್ನಿಸಿ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈಗ ಸೇರುವವರಿಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಅಂತ ಹೆಸರು. ನಾನು ಸೇರಿದಾಗ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಜನರಿಗೆ ಎರಡೂ ಉದ್ದವಾಯಿತು, ಅವರು ಅಂದಿನಿಂದ ಇಂದಿನವರೆಗೆ ನರ್ಸಮ್ಮ ಅಂತಲೇ ಕರೆಯುತ್ತಾರೆ. ಚೀಲವೂ ಅದೇ. ಟ್ರೈನಿಂಗಿನಲ್ಲಿ ಇಂಜೆಕ್ಷನ್ ಚುಚ್ಚುವುದು ಕಲಿಸುತ್ತಾರೆ, ನಾಡಿ ನೋಡುವುದು ಕಲಿಸುತ್ತಾರೆ. ಐಸ್ ಹಾಕಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೇನಿದೆ ಅಂತ ಯಾರಿಗೂ ಹೇಳದೆ, ನಗುಮುಖದಿಂದ ಬಸ್ಸಿನಲ್ಲಿ ಕೂರುವುದನ್ನು ಯಾರೂ ಕಲಿಸುವುದಿಲ್ಲ.

ಡಬ್ಬಿಗಳಲ್ಲಿ ಎರಡು ಬಗೆ. ಊರಿಗೆ ಲಸಿಕೆ ತೆಗೆದುಕೊಂಡು ಹೋಗುವ ಡಬ್ಬಿ ಒಂದು, ಅದನ್ನು ಕಂಡರೆ ಮಕ್ಕಳು ಓಡುತ್ತಾರೆ. ಊರಿನಿಂದ ಮಲ ತರುವ ಡಬ್ಬಿ ಇನ್ನೊಂದು, ಅದನ್ನು ಕಂಡರೆ ದೊಡ್ಡವರು ಓಡುತ್ತಾರೆ. ಯಾಕೆ ತರಬೇಕು ಅಂದರೆ, ಯಾವುದೇ ಮಗುವಿನ ಕೈಯೋ ಕಾಲೋ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡು ಜೋತುಬಿದ್ದರೆ, ಅದು ಪೋಲಿಯೊ ಅಲ್ಲ ಅಂತ ಖಾತ್ರಿಯಾಗುವ ತನಕ ನಾವು ಸುಮ್ಮನಿರುವಂತಿಲ್ಲ. ನಮ್ಮ ದೇಶದಲ್ಲಿ ಆ ಕಾಯಿಲೆ ಹೋಗಿ ವರ್ಷಗಳಾದವು. ಹೋಗಿದೆ ಅಂತ ಹೇಳಬೇಕಾದರೂ ಹುಡುಕುತ್ತಲೇ ಇರಬೇಕು. ಆ ವೈರಸ್ಸು ಹಾಳುಮಾಡುವುದು ಬೆನ್ನುಹುರಿಯ ನರವನ್ನು, ಸಿಕ್ಕಿಬೀಳುವುದು ಹೊಟ್ಟೆಯಲ್ಲಿ. ಅದಕ್ಕೇ ಕಾಲಿನ ಗುಟ್ಟು ತಿಳಿಯಲು ಮಲ ಪರೀಕ್ಷೆ. ಕಾಲು ಸೋತ ಹದಿನಾಲ್ಕು ದಿನದೊಳಗೆ, ಒಂದು ತೆಗೆದು ಒಂದು ದಿನ ಕಳೆದ ಮೇಲೆ ಇನ್ನೊಂದು, ಒಟ್ಟು ಎರಡು ಸಲ ತೆಗೆದು ಐಸಿನಲ್ಲಿಟ್ಟು ಬೆಂಗಳೂರಿನ ಲ್ಯಾಬಿಗೆ ಮುಟ್ಟಿಸಬೇಕು. ಇಷ್ಟೇ ಕೆಲಸ. ಕಾಗದದ ಮೇಲೆ ಒಂದು ಸಾಲು.

ನನ್ನ ಮೊದಲ ಡಬ್ಬಿ ಹೊತ್ತ ದಿನ ಕಂಡಕ್ಟರು ಬಾಗಿಲಲ್ಲೇ ತಡೆದ.

"ಏನಮ್ಮ ಅದು, ಮೀನಾ? ಮೀನಾದ್ರೆ ಒಳಗೆ ಬ್ಯಾಡ."

"ಮೀನಲ್ಲಪ್ಪ. ಆಸ್ಪತ್ರೆದು. ಲ್ಯಾಬಿಗೆ ಹೋಗಬೇಕು."

"ಓ, ಲಸಿಕೆಯಾ. ಮೊದ್ಲೇ ಹೇಳಬಾರದಾ, ಕೊಡಿ ಇಲ್ಲಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಬಿಸಿಲು ಬೀಳದ ಹಾಗೆ ಡ್ರೈವರ್ ಪಕ್ಕ, ಊದುಬತ್ತಿ ಹಚ್ಚಿದ್ದ ದೇವರ ಪಟದ ಕೆಳಗೆ ಇಟ್ಟ. ಹಿಂದಿನ ಸೀಟಿನಲ್ಲಿ ಮಲ್ಲಿಗೆ ಹೂವಿನ ಕುಕ್ಕೆ ಇಟ್ಟುಕೊಂಡಿದ್ದ ಹೆಂಗಸು ನನ್ನ ಭುಜ ತಟ್ಟಿದಳು.

"ಒಳಗೆ ಐಸೈತಲ್ಲವ್ವ, ಒಸಿ ಜಾಗ ಕೊಡು. ಮದ್ವೆ ಮನೆ ಹೂವು, ಬಾಡೋಯ್ತವೆ."

ಆಗುವುದಿಲ್ಲ ಅಂದೆ. ಯಾಕೆ ಅಂದಳು. ರೂಲ್ಸು ಅಂದೆ. ರಾಮನಗರ ಬರುವ ತನಕ ಅವಳು ಇಡೀ ಬಸ್ಸಿಗೆ ನನ್ನನ್ನು ಪರಿಚಯ ಮಾಡಿಕೊಟ್ಟಳು: "ಸರ್ಕಾರದ ಐಸು, ಇವರಪ್ಪನ ಮನೇದು ಅಂದ್ಕೊಂಡವ್ಳೆ." ನಾನು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದೆ. ನಿಜ ಹೇಳಿದ್ದರೆ ನನ್ನನ್ನೂ ಡಬ್ಬಿಯನ್ನೂ ದಾರಿಯಲ್ಲೇ ಇಳಿಸುತ್ತಿದ್ದರು. ಹುಡುಗಿಯರೇ, ಸುಮ್ಮನಿರುವುದೂ ಡ್ಯೂಟಿಯೇ.

ನಮ್ಮ ತಾಲ್ಲೂಕಿನ ಡಾಕ್ಟರ್ ಸಾಹೇಬರು ದೊಡ್ಡ ಮೈಯವರು. ಟ್ರೈನಿಂಗಿನಲ್ಲಿ, "ಹೆಬ್ಬೆರಳಿನಷ್ಟು ಇದ್ದರೆ ಸಾಕು" ಅಂದರು. ಹಿಂದಿನ ಬೆಂಚಿನಿಂದ ಒಬ್ಬರು ಎದ್ದು, "ಯಾರ ಹೆಬ್ಬೆರಳು ಸರ್?" ಅಂತ ಕೇಳಿದರು. ಅವರು ಕೀಟಲೆಗೆ ಕೇಳಿದ್ದಲ್ಲ. ಹಿಂದಿನ ಸಲ ಸ್ಯಾಂಪಲ್ಲು ಕಡಿಮೆಯಾಯಿತು ಅಂತ ಬೈಸಿಕೊಂಡು, ಆಮೇಲೆ ಡಬ್ಬಿಯ ಮುಚ್ಚಳ ಹಾಕಲು ಆಗದಷ್ಟು ತಂದು ಮತ್ತೆ ಬೈಸಿಕೊಂಡವರು. ಸಾಹೇಬರು ತಮ್ಮ ಹೆಬ್ಬೆರಳನ್ನೇ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನಂದು ಅಂತ ಇಟ್ಕೊಳ್ಳಿ" ಅಂದರು. ಅವತ್ತಿನಿಂದ ತಾಲ್ಲೂಕಿಗೆಲ್ಲ ಅದೇ ಅಳತೆ. ಯಾರಿಗಾದರೂ ಅನುಮಾನ ಬಂದರೆ ಅವರು ಜೀಪಿನಿಂದಲೇ ಹೆಬ್ಬೆರಳು ಹೊರಗೆ ಚಾಚಿ ತೋರಿಸುತ್ತಿದ್ದರು. ನೋಡಿದವರು ಶಹಬ್ಬಾಸ್ ಹೇಳುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು.

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಆಚೆ ಒಂದು ಊರಿನಲ್ಲಿ ಕರೆಂಟು ಹೋಗಿ ನಮ್ಮ ಐಸೆಲ್ಲ ನೀರಾಯಿತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಟರಿಯಲ್ಲಿ ಓಡುವ ಫ್ರಿಜ್ಜು ಊರಿನಲ್ಲಿ ಇದ್ದದ್ದು ಒಂದೇ, ತಂಪು ಪಾನೀಯದ ಅಂಗಡಿಯಲ್ಲಿ. ನಾನು ಕೇಳುವುದಕ್ಕೂ ಮೊದಲೇ ಅಂಗಡಿಯವನು, "ಇಡಿ ಮೇಡಂ, ಸರ್ಕಾರದ ಕೆಲಸ" ಅಂದ. ನಾನು ಡಬ್ಬಿಯ ಮೇಲೆ ಮತ್ತೊಂದು ಕವರು ಸುತ್ತಿ, ಬೀಗ ಇದ್ದ ಕೆಳಗಿನ ಖಾನೆಯಲ್ಲಿಟ್ಟು, ಬಾಗಿಲ ಪಕ್ಕವೇ ಕಾವಲು ಕೂತೆ. ಹೋಗುವಾಗ ಒಳಗೇನಿತ್ತು ಅಂತ ಅವನು ಕೇಳಿದ, ನಾನು ಹೇಳಿದೆ. ಮುಂದಿನ ಸಲ ಹೋದಾಗ ಅಂಗಡಿಯಲ್ಲಿ ಫ್ರಿಜ್ಜು ಇರಲಿಲ್ಲ. ಕಡಲೆಪುರಿ ಮಾರುತ್ತಿದ್ದ.

ಇವೆಲ್ಲ ಚಿಕ್ಕಪುಟ್ಟವು. ಡಬ್ಬಿಯ ಕೆಲಸ ಅಂದರೇನು ಅಂತ ನನಗೆ ತಿಳಿದದ್ದು ಬೈರಾಪಟ್ಟಣದ ಹತ್ತಿರದ ಒಂದು ಊರಿನಲ್ಲಿ, ಕೆಂಪಮ್ಮಜ್ಜಿಯ ಮನೆಯಲ್ಲಿ.

ಅಜ್ಜಿಯ ಮಗನ ಮಗ ಲಿಖಿತ್, ಅಂಗನವಾಡಿಗೆ ಹೋಗುವ ವಯಸ್ಸು. ಜ್ವರ ಬಂದು ಬಿಟ್ಟ ಮೇಲೆ ಎಡಗಾಲು ಒದ್ದೆ ಬಟ್ಟೆಯ ಹಾಗೆ ಆಗಿಬಿಟ್ಟಿತು. ರಾಮನಗರದ ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ನೋಡಿದರು. ಉಸಿರಾಟಕ್ಕೆ ತೊಂದರೆಯಿಲ್ಲ ಅಂತ ಖಾತ್ರಿಯಾದ ಮೇಲೆ ಮನೆಗೆ ಕಳಿಸಿದರು. ನರಕ್ಕೆ ಪೆಟ್ಟಾಗಿದೆ, ಹೀಗಾಗಲು ಹಲವು ಕಾರಣ ಇರುತ್ತವೆ, ಪೋಲಿಯೊ ಹೌದೋ ಅಲ್ಲವೋ ಅಂತ ಮಲ ಪರೀಕ್ಷೆಯೇ ಹೇಳಬೇಕು ಅಂದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ಹುಡುಗ ಅದೊಂದನ್ನು ಕೊಡಲಿಲ್ಲ. ಬಾಕಿ ನನ್ನ ತಲೆಗೆ ಬಂತು.

ಕಾಲು ಸೋತದ್ದು ಯಾವತ್ತು ಅಂತ ಮೊದಲು ಕೇಳಿದೆ. ಅಜ್ಜಿ ಯೋಚನೆ ಮಾಡದೆ ಹೇಳಿದಳು: "ಹುಳ ಮೂರ್ನೇ ಜ್ವರ ಎದ್ದ ಮಾರ್ನೇ ದಿವ್ಸ."

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ. ಆ ಮನೆಯವರು ಹುಳ ಸಾಕಿಯೇ ಬದುಕಿದವರು, ಅವರ ಕ್ಯಾಲೆಂಡರು ಹುಳದ ತಟ್ಟೆಯೊಳಗಿತ್ತು. ನಾನು ಹುಳದ ಜ್ವರವನ್ನು ತಾರೀಖಿಗೆ ತಿರುಗಿಸಿ ಬರೆದುಕೊಂಡೆ. ಅಲ್ಲಿಂದ ನನ್ನ ಗಡುವು ಎಣಿಸಿದರೆ ಅದು ಮುಗಿಯುವುದು ಸರಿಯಾಗಿ ಹುಳ ಹಣ್ಣಾಗಿ ಗೂಡು ಕಟ್ಟಲು ಕೂರುವ ಹೊತ್ತಿಗೆ. ಹುಳವೂ ನಾನೂ ಒಟ್ಟಿಗೆ ಓಡುತ್ತಿದ್ದೆವು.

ಆ ಮನೆಯಲ್ಲಿ ಕಾಲಿಗಿಂತ ದೊಡ್ಡದಾದ ಇನ್ನೊಂದು ತೀರ್ಮಾನ ಈ ಪರೀಕ್ಷೆಗೆ ಕಾದಿತ್ತು. ಹುಡುಗನ ತಾಯಿ ರತ್ನ ಹಿಂದಿನ ಪೋಲಿಯೊ ಭಾನುವಾರ ಮಾಗಡಿ ಕಡೆಯ ತವರಿಗೆ ಹೋಗಿದ್ದಳು. ಹನಿ ಹಾಕಿಸಲಿಲ್ಲ, ಅದಕ್ಕೇ ಕಾಲು ಹೋಯಿತು ಅನ್ನುವುದು ಅಜ್ಜಿಯ ವಾದ.

"ಮಾಗಡಿ ಬಸ್ ಸ್ಟ್ಯಾಂಡಲ್ಲೇ ಹಾಕಿಸ್ದೆ ಅತ್ತೆ. ಉಗುರಿಗೆ ಮಸಿನೂ ಹಚ್ಚಿದ್ರು," ಅಂದಳು ರತ್ನ.

"ಎಲ್ಲೈತೆ ಮಸಿ, ತೋರ್ಸು."

"ಎಷ್ಟೋ ತಿಂಗ್ಳಾಯ್ತಲ್ಲ ಅತ್ತೆ."

"ಹಂಗಾದ್ರೆ ಮಸಿನೂ ಹೋಯ್ತು, ಕಾಲೂ ಹೋಯ್ತು."

ನಾನು ನಡುವೆ ಬಾಯಿ ಹಾಕಿದೆ. "ಅಜ್ಜಿ, ಹುಟ್ಟಿದಾಗಿಂದ ಹಾಕಬೇಕಾದ್ದೆಲ್ಲ ನಾನೇ ಹಾಕಿದ್ದೀನಿ. ಒಂದು ಭಾನುವಾರ ತಪ್ಪಿದ್ದೇ ನಿಜ ಅಂದ್ರೂ ಅದರಿಂದಲೇ ಹಿಂಗಾಯ್ತು ಅನ್ನಕ್ಕಾಗಲ್ಲ."

"ಒಂದೊತ್ತು ಸೊಪ್ಪು ತಪ್ಪಿದ್ರೆ ಹುಳ ಏನಾಯ್ತವೆ ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ.

ಹುಳದ ಮನೆಗೆ ಯಾರು ಹೋಗಬೇಕು, ಯಾರು ಹೋಗಬಾರದು ಅನ್ನುವುದು ಆ ಕಡೆ ಬಲು ಬಿಗಿ. ಕೈ ಸರಿಯಿಲ್ಲದವರು ಒಳಗೆ ಬಂದರೆ ಹುಳಕ್ಕೆ ಸಪ್ಪೆ ರೋಗ ತಗುಲುತ್ತದೆ, ಮೈ ಬೆಳ್ಳಗೆ ಗಟ್ಟಿಯಾಗುವ ಸುಣ್ಣಕಟ್ಟು ಬರುತ್ತದೆ ಅಂತ ನಂಬಿಕೆ. ಮದುವೆಯಾಗಿ ಬಂದಾಗಿನಿಂದ ಸೊಪ್ಪು ಹಾಕುತ್ತಿದ್ದ ರತ್ನಳಿಗೆ ಅಜ್ಜಿ ಆ ಬಾಗಿಲು ಮುಚ್ಚಿದ್ದಳು. ಹುಡುಗನನ್ನೂ ತನ್ನ ವಶಕ್ಕೆ ತೆಗೆದುಕೊಂಡಿದ್ದಳು. ರತ್ನ ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಹೊಸ್ತಿಲ ಹೊರಗೆ ಇಡಬೇಕು, ಒಳಗಿನಿಂದ ಯಾರಾದರೂ ಎಳೆದುಕೊಳ್ಳುತ್ತಾರೆ. ಗಂಡ ಶಿವಣ್ಣ ಅಮ್ಮ ಮಾತಾಡುವಾಗ ಅಮ್ಮನ ಮುಖ, ಹೆಂಡತಿ ಮಾತಾಡುವಾಗ ಸೂರು ನೋಡುವ ಮನುಷ್ಯ. ಪೋಲಿಯೊ ಅಂತ ಬಂದುಬಿಟ್ಟರೆ ಆ ಬಾಗಿಲು ಅವಳಿಗೆ ಇನ್ನು ತೆರೆಯುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಸೊಪ್ಪಿನ ಹೊರೆ ಇಳಿಸುವಾಗೆಲ್ಲ ಅವಳು ಕೇಳುತ್ತಿದ್ದದ್ದು ಒಂದೇ: "ಅಕ್ಕ, ಬಂತಾ?"

ಬಂದಿರಲಿಲ್ಲ. ಅಜ್ಜಿ ಹುಡುಗನನ್ನು ಹಿತ್ತಲಲ್ಲಿ ಹಾಳೆ ಹಾಸಿ ಕೂರಿಸುತ್ತಿದ್ದಳು, ಅವನು ಗೋಡೆ ಹಿಡಿದು ಅಳುತ್ತಿದ್ದ. ಸುದ್ದಿ ಊರಿಗೆಲ್ಲ ಹಬ್ಬಿತು. ದಾರಿಯಲ್ಲಿ ಹೋಗುವವರೆಲ್ಲ ತಂತಮ್ಮ ಬುದ್ಧಿ ಕೊಟ್ಟು ಹೋದರು. ಒಬ್ಬರು ಪರಂಗಿ ಹಣ್ಣು ತಂದರು, ಒಬ್ಬರು ಬಾಳೆಹಣ್ಣಿನ ಚಿಪ್ಪು. ಹರಳೆಣ್ಣೆಗೆ ಮಾತ್ರ ಸಾಹೇಬರು ಖಡಾಖಂಡಿತ ಬೇಡ ಅಂದಿದ್ದರು. ಪಕ್ಕದ ಮನೆಯ ಹಿರಿಯರೊಬ್ಬರು, ನಿಂಗಯ್ಯ ಅಂತ, ಬೇಲಿಯಾಚೆಯಿಂದ ಹೇಳಿದರು:

"ಅವನ್ನ ಟ್ರ್ಯಾಕ್ಟರಲ್ಲಿ ಕೂರ್ಸ್ಕಂಡು ಕೆರೆ ಏರಿ ರೋಡಲ್ಲಿ ಒಂದ್ಸಲ ಹೋಗ್ಬುಟ್ಟು ಬಾ ಶಿವಣ್ಣ. ಆ ರೋಡಲ್ಲಿ ದೊಡ್ಡೋರಿಗೇ ತಡಿಯಾಕಾಗಲ್ಲ."

ಶಿವಣ್ಣನಿಗೆ ಏನಾದರೂ ಮಾಡಬೇಕಿತ್ತು, ಟ್ರ್ಯಾಕ್ಟರ್ ತೆಗೆದ. ದಾರಿಯಲ್ಲೇ ಆದರೆ ಅನ್ನುವ ಆಸೆಗೆ ನಾನೂ ಡಬ್ಬಿ ಹಿಡಿದು ಟ್ರೇಲರ್ ಹತ್ತಿದೆ. ಹೋಗಿ ಬಂದೆವು. ಹುಡುಗ ಹೋಗುವಾಗ ನಿದ್ದೆ ಮಾಡಿದ, ಬರುವಾಗಲೂ ನಿದ್ದೆ ಮಾಡಿದ. ನನ್ನ ಸೊಂಟ ಇವತ್ತಿಗೂ ಮೋಡ ಕಟ್ಟಿದರೆ ಆ ಏರಿಯನ್ನು ನೆನೆಸುತ್ತದೆ.

ಇತ್ತ ಸಾಹೇಬರ ಫೋನು. "ಬಂತಾ ಸಿಸ್ಟರ್?" ಅವರಿಗೆ ಜಿಲ್ಲೆಯಿಂದ ಫೋನು, ಜಿಲ್ಲೆಗೆ ಬೆಂಗಳೂರಿನಿಂದ. ವಾಟ್ಸಾಪ್ ಗುಂಪಿನಲ್ಲಿ ಬೆಳಗಾದರೆ ಶುಭೋದಯದ ಹೂವಿನ ಕೆಳಗೇ ಪ್ರಶ್ನೆ: ಬೈರಾಪಟ್ಟಣ ಬಂತೇ? ಒಂದು ರಾಜ್ಯದ ಅಷ್ಟೂ ಅಧಿಕಾರಿಗಳು ಒಬ್ಬ ಪುಟ್ಟ ಹುಡುಗನ ಹೊಟ್ಟೆಯ ಕಡೆ ಕಿವಿ ಇಟ್ಟು ಕೂತಿದ್ದರು. ಅವನೊಬ್ಬನಿಗೆ ಯಾವ ಅವಸರವೂ ಇರಲಿಲ್ಲ.

ಕೊನೆಗೆ ಒಂದು ಸಂಜೆ ಡಬ್ಬಿಯನ್ನೂ ಚಮಚವನ್ನೂ ಅಜ್ಜಿಯ ಕೈಯಲ್ಲೇ ಕೊಟ್ಟು, ಬೆಳಿಗ್ಗೆ ಆದರೆ ಹೀಗೆ ಹೀಗೆ ಹಾಕಿಡಿ ಅಂತ ತೋರಿಸಿ ಬಂದೆ. ಬೆಳಿಗ್ಗೆ ಹೋದರೆ ಅಜ್ಜಿ ಜಗುಲಿಯ ಮೇಲೆ ಕಾಯುತ್ತಿದ್ದಳು. ಡಬ್ಬಿ ತೊಳೆದು ಒರೆಸಿ, ಮೇಲೆ ಮಡಿ ಬಟ್ಟೆ ಸುತ್ತಿ, ತಾಂಬೂಲ ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು.

"ಆಯ್ತು ಕಣಮ್ಮ. ತಗಳ್ಳಿ. ಬರಿಗೈಲಿ ಹೋಯ್ತಿದ್ರಿ, ನನಗೇ ಒಂಥರಾ ಆಗೋಗಿತ್ತು."

ತೆರೆದು ನೋಡಿದೆ. ಸಾಹೇಬರ ಹೆಬ್ಬೆರಳಿಗೆ ಸರಿಸಮ. ತಾಲ್ಲೂಕಿಗೆ ಮುಟ್ಟಿಸಿದಾಗ ಸಾಹೇಬರು ಡಬ್ಬಿಯ ಫೋಟೋ ತೆಗೆದು ಗುಂಪಿಗೆ ಹಾಕಿದರು. ಹೆಬ್ಬೆರಳ ಗುರುತುಗಳು ಸಾಲುಸಾಲಾಗಿ ಬಂದವು, ಜಿಲ್ಲೆಯಿಂದ ಒಂದು ಜೋಡಿಸಿದ ಕೈ. ಮಾರನೆಯ ಬೆಳಿಗ್ಗೆ ಎರಡನೆಯದೂ ಹಾಗೇ, ಅದೇ ಹೊತ್ತಿಗೆ, ಅದೇ ಮಡಿ ಬಟ್ಟೆಯಲ್ಲಿ. ಇನ್ನೇನು, ಗೆದ್ದೆ ಅಂದುಕೊಂಡು ಬಸ್ ಸ್ಟಾಪಿನ ಕಡೆ ನಡೆದೆ.

ಅಂಗನವಾಡಿಯ ಮುಂದೆ ಮಕ್ಕಳು ಗುಂಪುಗೂಡಿದ್ದರು. ನಡುವೆ ಗಗನ್ ನಿಂತಿದ್ದ. ಗಗನ್ ಅಂದರೆ ಅಜ್ಜಿಯ ಮಗಳ ಮಗ, ಗುಂಡುಗುಂಡಗಿನ ಹುಡುಗ, ಅಜ್ಜಿಯ ಮನೆಯಲ್ಲೇ ಇದ್ದು ಅಂಗನವಾಡಿಗೆ ಹೋಗುತ್ತಿದ್ದವನು. ನನ್ನ ಕೈಯ ಡಬ್ಬಿ ನೋಡಿದವನೇ ಬೊಟ್ಟು ಮಾಡಿ ಜೊತೆಯವರಿಗೆ ಹೇಳಿದ:

"ನೋಡ್ರಲಾ, ಅದು ನಂದು. ನಿನ್ನೇನೂ ನಂದೇ ಹೋಗಿದ್ದು. ಬೆಂಗಳೂರಿಗೆ ಹೋಯ್ತದೆ. ನಿಮ್ಮದು ಎಲ್ಲಿಗೂ ಹೋಗಲ್ಲ."

ಮಿಕ್ಕ ಮಕ್ಕಳು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ನಾನು ಡಬ್ಬಿಯ ಸಮೇತ ಹಿಂದಕ್ಕೆ ತಿರುಗಿದೆ.

ಕೆಂಪಮ್ಮಜ್ಜಿ ಹೆದರಲೂ ಇಲ್ಲ, ಮುಚ್ಚಿಡಲೂ ಇಲ್ಲ. ಸೊಪ್ಪಿನ ಮುಂದೆ ಕೂತಿದ್ದವಳು ಕತ್ತಿ ಕೂಡ ಕೆಳಗಿಡದೆ ಹೇಳಿದಳು:

"ಹೂಂ, ಗಗನಂದೇ. ಅದಕ್ಕೇನೀಗ?"

"ಅಜ್ಜಿ, ಕಾಯಿಲೆ ಇರೋದು ಲಿಖಿತನಿಗೆ."

"ಅದಕ್ಕೇ ಕಣಮ್ಮ. ಕಾಯಿಲೆ ಹುಡುಗಂದು ಏನ್ ಚೆನ್ನಾಗಿರ್ತದೆ? ರಾಮನಗರದ ಗೂಡಿನ ಮಾರ್ಕೆಟ್ಟಿಗೆ ನಮ್ಮತ್ತೆ ಕಾಲದಿಂದ ಹೋಯ್ತಾ ಇವ್ನಿ. ನೂಲು ತೆಗ್ಯೋ ರೀಲರು ಬಂದು ಒಂದು ಹಿಡಿ ಎತ್ತಿ ನೋಡ್ತಾನೆ. ಮೇಲೆ ಕೆಟ್ಟ ಗೂಡು ಇಡ್ತಾರಾ ಯಾರಾನಾ? ಮನೆ ಮರ್ವಾದೆ ಇರೋದೇ ಸ್ಯಾಂಪಲ್ಲಲ್ಲಿ. ಬೆಂಗಳೂರೋರು ನೋಡ್ತಾರೆ ಅಂತ ನೀವೇ ಅಂದ್ರಿ."

"ಅವರು ಕೆಟ್ಟದ್ದೇನಿದೆ ಅಂತಲೇ ನೋಡೋದು ಅಜ್ಜಿ."

ಅಜ್ಜಿ ಈಗ ಕತ್ತಿ ಕೆಳಗಿಟ್ಟಳು. ಜೀವಮಾನದಲ್ಲಿ ಇಂಥ ವ್ಯಾಪಾರ ಕೇಳಿರಲಿಲ್ಲ ಅನ್ನುವ ಹಾಗೆ ನನ್ನ ಮುಖ ನೋಡಿದಳು.

"ಕೆಟ್ಟದ್ದನ್ನೇ ಹುಡ್ಕಂಡು ಬತ್ತಾರಾ? ಅಂತೋರಿಗೆ ನಾವ್ಯಾಕಮ್ಮ ಕೊಡ್ಬೇಕು?"

ಹೊಸ್ತಿಲ ಹೊರಗೆ ರತ್ನ ಸೊಪ್ಪಿನ ಹೊರೆ ಹಿಡಿದು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಅತ್ತೆ, ನನ್ನ ಮಗಂದು ಕಳಿಸದೆ ಏನು ಬಂದ್ರೂ ನನಗೆ ಬೇಕಿಲ್ಲ," ಅಂದಳು. ಇಷ್ಟು ದಿನದಲ್ಲಿ ಅವಳು ಅತ್ತೆಗೆ ತಾನಾಗಿ ಆಡಿದ ಮಾತು ನಾನು ಕೇಳಿದ್ದು ಅದೊಂದೇ. ಅಜ್ಜಿ ಹೆಚ್ಚಿದ ಸೊಪ್ಪು ಬಾಚಿಕೊಂಡು ಒಳಗೆ ಹೋದಳು.

ಸಾಹೇಬರಿಗೆ ಫೋನು ಮಾಡಿ ಇದ್ದದ್ದು ಹೇಳಿದೆ.

"ಆ ಗಗನ್ ಅನ್ನೋ ಹುಡುಗನ ಕಾಲು ಹೇಗಿದೆ ಸಿಸ್ಟರ್?"

"ಈಗ ತಾನೇ ಬೇಲಿ ಹಾರಿದ ಸರ್."

"ಫೋಟೋ ನಾನು ಗುಂಪಿಗೆ ಹಾಕಿಬಿಟ್ಟಿದ್ದೀನಿ."

"ನೋಡಿದೆ ಸರ್."

"ಜಿಲ್ಲೆಯವರು ಕೈ ಮುಗಿದಿದ್ದಾರೆ."

"ಹೌದು ಸರ್."

"ಇನ್ನೆಷ್ಟು ದಿನ ಇದೆ?"

"ಹುಳ ಹಣ್ಣಾಗೋ ತನಕ ಸರ್," ಅಂದುಬಿಟ್ಟೆ. ಆಮೇಲೆ ತಾರೀಖು ಹೇಳಿದೆ. ಎರಡು ಸಲಕ್ಕೆ ಸಾಕು, ಮೂರನೆಯ ಅವಕಾಶ ಇಲ್ಲ. ಗಗನನ ಎರಡು ಡಬ್ಬಿಯನ್ನು ನಿಯಮದ ಪ್ರಕಾರ ವಿಲೇವಾರಿ ಮಾಡಿದೆವು. ಗುಂಪಿನಲ್ಲಿ ಫೋಟೋ ಮಾತ್ರ ಉಳಿಯಿತು.

ಮಾರನೆಯ ದಿನ ನಾನು ಹೋಗುವಷ್ಟರಲ್ಲಿ, ಎಣಿಸಿದ್ದಕ್ಕಿಂತ ಒಂದು ದಿನ ಮೊದಲೇ, ಹುಳ ಹಣ್ಣಾಗಿತ್ತು. ಮೈ ಹೊನ್ನಿನ ಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಆ ದಿನ ಅಂಥ ಮನೆಯಲ್ಲಿ ಸಾವಾದರೂ ಸಾವಕಾಶ ಅನ್ನಬೇಕು. ಬಿದಿರಿನ ಚಂದ್ರಿಕೆಗಳು ಅಂಗಳದ ತುಂಬ, ಕೂಲಿಯ ಹೆಂಗಸರು ಹುಳ ಆರಿಸಿ ಆರಿಸಿ ಅವುಗಳ ಮೇಲೆ ಬಿಡುತ್ತಿದ್ದರು. ಶಿವಣ್ಣ ಒಳಗೆ ಹೊರಗೆ ಓಡುತ್ತಿದ್ದ. ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುವೆ ನಿಂತಿದ್ದಳು.

"ನರ್ಸಮ್ಮ, ಇವತ್ತು ನನ್ನ ಮಾತಾಡಿಸ್ಬ್ಯಾಡಿ."

"ಹುಡುಗನ್ನ ಯಾರು ನೋಡ್ಕೊಳ್ತಾರೆ ಅಜ್ಜಿ?"

ಅಜ್ಜಿ ಸುತ್ತ ನೋಡಿದಳು. ಊರಿನ ಕೈಗಳೆಲ್ಲ ಹುಳದ ಮೇಲಿದ್ದವು. ಖಾಲಿ ಇದ್ದದ್ದು ಹುಳ ಮುಟ್ಟಬಾರದ ಎರಡು ಕೈ ಮಾತ್ರ.

"ಅವಳೇ ನೋಡ್ಕಳ್ಳಿ," ಅಂದಳು.

ರತ್ನ ಮಗನನ್ನು ಎತ್ತಿಕೊಂಡು ಹಿತ್ತಲಿಗೆ ಬಂದಳು. ನಾನು ಹಾಳೆ ಹಾಸಿದೆ. ಹುಡುಗ ಗೋಡೆ ಹಿಡಿದು ಮುಖ ಹುಳ್ಳಗೆ ಮಾಡಿದ.

"ಯಾಕಪ್ಪ, ಹೊಟ್ಟೆ ನೋವಾ?" ಅಂತ ಕೇಳಿದಳು.

"ಇಲ್ಲ. ಕೂತ್ರೆ ಬಿದ್ದೋಯ್ತೀನಿ."

ರತ್ನ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಪರಂಗಿ ಹಣ್ಣು, ಟ್ರ್ಯಾಕ್ಟರು, ಜಿಲ್ಲೆ, ರಾಜಧಾನಿ, ಎಲ್ಲರೂ ಅವನ ಹೊಟ್ಟೆಗೆ ಕೈ ಹಾಕಿದ್ದರು. ಒಂದು ಕಾಲು ಸೋತವನು ಕುಕ್ಕರಗಾಲಲ್ಲಿ ಕೂರುವುದು ಹೇಗೆ ಅಂತ ಯಾರೂ ಕೇಳಿರಲಿಲ್ಲ. ಬಲ ಇರುವ ಒಂದೇ ಕಾಲಿನ ಮೇಲೆ ಬೀಳದ ಹಾಗೆ ಕೂರುವುದರಲ್ಲೇ ಅವನ ಪೂರ್ತಿ ಗಮನ ಹೋಗುತ್ತಿತ್ತು.

ರತ್ನ ಒಂದು ಮಣೆ ಎಳೆದುಕೊಂಡು ಕೂತಳು. ಸೀರೆ ಮೊಣಕಾಲ ತನಕ ಸರಿಸಿ, ಎರಡು ಕಾಲನ್ನೂ ಮುಂದಕ್ಕೆ ಚಾಚಿ, ಪಾದ ಎರಡೂ ಸ್ವಲ್ಪ ಬಿಡಿಸಿ ಇಟ್ಟಳು. ನಮ್ಮ ಕಡೆ ಎಳೆಮಕ್ಕಳನ್ನು ಹೀಗೇ ತಾಯಿ ತನ್ನ ಪಾದದ ಮೇಲೆ ಕೂರಿಸಿಕೊಳ್ಳುವುದು. ಮಗನನ್ನು ಎತ್ತಿ ತನ್ನ ಕಡೆ ಮುಖ ಮಾಡಿ ಕೂರಿಸಿ, ಎರಡು ಕೈ ಹಿಡಿದುಕೊಂಡಳು. ಕೆಳಗೆ ನಾನು ಹಾಳೆ ಸರಿಮಾಡಿದೆ.

"ನಾನೇನ್ ಪಾಪುನಾ?" ಅಂದ ಅವನು.

"ಇವತ್ತೊಂದಿನ ಆಗು ಚಿನ್ನ."

"ಅಜ್ಜಿ ಬತ್ತಾಳಾ?"

"ಬರಲ್ಲ. ಹುಳ ಹಣ್ಣಾಗವೆ."

ಅವನು ಅಮ್ಮನ ಕೈ ಹಿಡಿದುಕೊಂಡು ಆಕಾಶ ನೋಡಿದ. ಬೀಳುವುದಿಲ್ಲ ಅಂತ ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೇರೆ ಯಾರ ಸಹಾಯವೂ ಬೇಕಾಗಲಿಲ್ಲ.

ನಾನು ಫೋನು ಮಾಡಿದಾಗ ಸಾಹೇಬರು ರಾಮನಗರದಲ್ಲಿ ದೊಡ್ಡ ಮೀಟಿಂಗಿನಲ್ಲಿದ್ದರು. "ಬಂತು ಸರ್, ಈ ಸಲ ಅವನದೇ, ನಾನೇ ನೋಡಿದ್ದೀನಿ" ಅಂದೆ. ಅವರು ಫೋನನ್ನು ಸ್ಪೀಕರಿಗೆ ಹಾಕಿದ್ದರು ಅಂತ ಗೊತ್ತಾದದ್ದು ಆ ಕಡೆಯಿಂದ ಚಪ್ಪಾಳೆ ಕೇಳಿಸಿದ ಮೇಲೆ. ಹುಡುಗ, "ಯಾರಿಗೆ ಚಪ್ಪಾಳೆ ಅದು?" ಅಂತ ಕೇಳಿದ. ನಿನಗೇ ಕಣಪ್ಪ ಅಂದೆ. ಮಾರನೆಯ ದಿನ ಎರಡನೆಯದೂ ಹಾಗೇ ಆಯಿತು, ಅಮ್ಮನ ಪಾದದ ಮೇಲೆ. ಎರಡನ್ನೂ ಐಸಿನಲ್ಲಿಟ್ಟು ನಾನೇ ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ಬಸ್ಸಿನಲ್ಲಿ ಯಾರೂ ಏನೂ ಕೇಳಲಿಲ್ಲ, ನನಗೆ ಸ್ವಲ್ಪ ಬೇಜಾರೇ ಆಯಿತು.

ಫಲಿತಾಂಶ ಬರುವಷ್ಟರಲ್ಲಿ ಆ ಮನೆಯಲ್ಲಿ ಆ ಗೂಡು ಮಾರಿ, ತಟ್ಟೆ ತೊಳೆದು, ಹೊಸ ಮರಿ ಹುಳ ತಂದಾಗಿತ್ತು. ಈಗೆಲ್ಲ ಫೋನಿನಲ್ಲೇ ಹೇಳಿ ಮುಗಿಸುತ್ತಾರೆ. ಇದನ್ನು ಮಾತ್ರ ನಾನು ಬಸ್ ಹತ್ತಿ ಹೋಗಿ ಹೇಳಿದೆ. ಅಜ್ಜಿ ಜಗುಲಿಯ ಮೇಲೆ ಕೂತಿದ್ದಳು. ಲಿಖಿತ್ ಗೋಡೆ ಹಿಡಿದುಕೊಂಡು, ಎಡಗಾಲು ಸ್ವಲ್ಪ ಎಳೆಯುತ್ತ, ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ರತ್ನ ಹೊಸ್ತಿಲ ಹೊರಗೆ ಸೊಪ್ಪಿನ ಹೊರೆ ಇಳಿಸುತ್ತಿದ್ದಳು. ಈ 'ಬಂತಾ' ಅನ್ನುವುದನ್ನು ಅವಳು ಬಾಯಿಂದ ಕೇಳಲಿಲ್ಲ.

"ಪೋಲಿಯೊ ಅಲ್ಲ ಅಜ್ಜಿ," ಅಂದೆ. "ಜ್ವರ ಆದ್ಮೇಲೆ ನರಕ್ಕೆ ಬಂದಿದ್ದು ಬೇರೆ ತೊಂದರೆ. ಹನಿಗೂ ಇದಕ್ಕೂ ಸಂಬಂಧ ಇಲ್ಲ. ಕಾಲಿಗೂ ಬಲ ಬರ್ತಾ ಇದೆ, ನೀವೇ ನೋಡ್ತಾ ಇದ್ದೀರಲ್ಲ."

ಅಜ್ಜಿ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು.

"ನಾನ್ ಕೊಟ್ಟಿದ್ದೂ ಅದನ್ನೇ ಹೇಳ್ತಿತ್ತು. ಅಷ್ಟಕ್ಕೆ ಆ ಪಾಟಿ ಓಡಾಡುದ್ರಿ."

ಅಂಗಳದಲ್ಲಿ ಲಿಖಿತ್ ಗಗನನಿಗೆ ಹೇಳುತ್ತಿದ್ದ: "ನಂದು ಪಾಸಾಯ್ತು ಕಣ್ಲಾ. ನಿಂದು ತಿಪ್ಪೆಗೆ ಹೋಯ್ತು." ಗಗನ್ ಅಳಲು ಶುರುಮಾಡಿದ. ಅಜ್ಜಿ ಇಬ್ಬರಿಗೂ ಸುಮ್ಮನಿರಿ ಅಂದಳು. ಆಮೇಲೆ ಸೊಸೆಯ ಕಡೆ ತಿರುಗದೆ, ಬೀದಿಯನ್ನೇ ನೋಡುತ್ತ ಹೇಳಿದಳು:

"ಕಾಲ್ ತೊಳ್ಕಂಡು ಒಳಗ್ ಹೋಗು. ಹುಳ ಹಸ್ಕಂಡವೆ."

ರತ್ನ ಕಾಲು ತೊಳೆದಳು. ಕೈ ತೊಳೆದಳು. ಮತ್ತೆ ಕಾಲು ತೊಳೆದಳು. ಹೊರೆಯಿಂದ ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡು ಹೊಸ್ತಿಲು ದಾಟಿದಳು. ನೋಡುವ ಆಸೆಗೆ ನಾನೂ ಎದ್ದೆ.

"ನೀವು ಅಲ್ಲೇ ಕೂತ್ಕಳ್ಳಿ ನರ್ಸಮ್ಮ," ಅಂದಳು ಅಜ್ಜಿ. "ಬೇಜಾರ್ ಮಾಡ್ಕಬ್ಯಾಡಿ. ನಿಮ್ಮ ಕೈ ಏನೇನೋ ಮುಟ್ಟಿರ್ತವೆ."

ಕೂತೆ. ಒಳಗೆ ಸೊಪ್ಪು ಹರಡುವ ಸದ್ದು ಕೇಳಿಸುತ್ತಿತ್ತು, ಒಂದು ತಟ್ಟೆ, ಇನ್ನೊಂದು ತಟ್ಟೆ. ಸ್ವಲ್ಪ ಹೊತ್ತಾದ ಮೇಲೆ ರತ್ನಳ ದನಿ ಬಂತು:

"ಅತ್ತೆ, ಹಿಂದಿನ ತಟ್ಟೆಗೆ ಸಾಲದು. ಆ ಹೊರೆ ಒಸಿ ಇತ್ಲಾಗ್ ತನ್ನಿ."

ಅಜ್ಜಿ ನನ್ನ ಮುಖ ನೋಡಿದಳು. ಎಲೆ ಅಡಿಕೆ ಉಗಿದಳು. ಮೊಣಕಾಲ ಮೇಲೆ ಕೈಯೂರಿ ಎದ್ದು, ಹೊರೆ ಎತ್ತಿ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು.